ಮೂರನೇ ಎಮ್ಮೆಯ ವಿದ್ಯೆ: ನಿಯಮಾವಳಿಗೆ ಹಿರಿಯೂರಿನಿಂದ ಒಂದು ಪತ್ರ

ಮಾನ್ಯ ನಿಯಮಾವಳಿಯವರೇ,

ನಮ್ಮ ಹಿರಿಯೂರು ಕಾಯುವುದರಲ್ಲಿ ಪಳಗಿದ್ದು. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲೊಮ್ಮೆ ಕೋಡಿ ಬಿತ್ತು; ಮತ್ತೆ ಬಿದ್ದಿದ್ದು 89 ವರ್ಷದ ಮೇಲೆ, 2022ರಲ್ಲಿ. ಹೀಗಾಗಿ ಇಲ್ಲಿನ ಹುಡುಗಿಯೊಬ್ಬಳು ಕ್ಲಿನಿಕಲ್ ಸೈಕಾಲಜಿಸ್ಟ್ ಆಗುತ್ತೇನೆಂದಾಗ ಮನೆಯವರು ಹೆದರಲಿಲ್ಲ. ಪಿಯುಸಿ ಆದಮೇಲೆ ಬಿಎ ಮೂರು, ಎಂಎ ಎರಡು, ಎಂಫಿಲ್ ಎರಡು, ಒಟ್ಟು ಏಳೇ ವರ್ಷ. ಸೋದರಮಾವ ಮಾತ್ರ, "ಹಂಗಾದ್ರೆ ಈಗ ನನ್ ಮನಸ್ನಾಗೆ ಏನೈತೆ ಹೇಳವ್ವ" ಎಂದರು. ಕಾಫಿ ಇತ್ತು.

ನಿಯಮಾವಳಿಯವರೇ, ತಮ್ಮ ಮನಸ್ಸಿನಲ್ಲಿ ಏನಿದೆ ಎನ್ನುವುದೇ ತಿಳಿಯದಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಎಂಫಿಲ್ಲನ್ನು ಹೆಸರು ಹಿಡಿದು ಮಾನ್ಯ ಮಾಡಿತು. 2020ರ ಶಿಕ್ಷಣ ನೀತಿ ಅದನ್ನು ಹೊಸ್ತಿಲಾಚೆ ದಾಟಿಸಿತು. 2023ರ ಡಿಸೆಂಬರಿನಲ್ಲಿ ಯುಜಿಸಿ, ಎಂಫಿಲ್‌ಗೆ ಮಾನ್ಯತೆಯಿಲ್ಲ, ಯಾರೂ ಸೇರಬೇಡಿ ಎಂದಿತು. ಮುಂದಿನ ತಿಂಗಳೇ ಕ್ಲಿನಿಕಲ್ ಸೈಕಾಲಜಿಯದು 2025–26ರವರೆಗೆ ನಡೆಯಲಿ ಎಂದಿತು. ಮನುಷ್ಯರು ಯಾರಾದರೂ ಹೀಗೆ ಮಾತಾಡಿದ್ದರೆ ಮನೆಯವರು ನಿಮ್ಹಾನ್ಸ್ ಬಸ್ಸು ಹತ್ತಿಸುತ್ತಿದ್ದರು.

2025ರಲ್ಲಿ ದೂರಶಿಕ್ಷಣದ ಸೈಕಾಲಜಿಯನ್ನೂ ನಿಲ್ಲಿಸಿದಿರಿ. ಅಂಚೆಯಲ್ಲಿ ಬಂದ ಪಾಠ ಓದಿ ಇನ್ನೊಬ್ಬರ ಮನಸ್ಸಿಗೆ ಕೈ ಹಾಕಬಾರದು, ಅದು ನ್ಯಾಯವೇ. ಹಾಗಾದರೆ ಎದುರು ಕೂರಿಸಿ ಕಲಿಸುವ ತರಗತಿ, ಬೆಳಿಗ್ಗೆ ಹೋದವಳು ಸಂಜೆಗೆ ಮನೆ ಸೇರುವಷ್ಟು ಹತ್ತಿರ ಇರಬೇಕಲ್ಲ?

ಹುಡುಗಿಗೆ ನಿಜವಾದ ಆಸೆ ನ್ಯೂರೋಸೈಕಾಲಜಿಯದು. ಅದಕ್ಕೂ ಮೊದಲು ಇದೇ ಕ್ಲಿನಿಕಲ್ ಸೈಕಾಲಜಿಯ ಬಾಗಿಲು ದಾಟಬೇಕು. ಪಾರ್ಶ್ವವಾಯು ಹೊಡೆದವರನ್ನು ಎದುರು ಕೂರಿಸಿಕೊಂಡು, ಒಂದು ನಿಮಿಷದಲ್ಲಿ ಎಷ್ಟಾದರೆ ಅಷ್ಟು ಪ್ರಾಣಿಗಳ ಹೆಸರು ಹೇಳಿ ಎನ್ನುತ್ತಾರೆ. "ಎಮ್ಮೆ, ಹಸ, ಎಮ್ಮೆ, ಕುರಿ... ಎಮ್ಮೆ." ಆ ಮೂರನೇ ಎಮ್ಮೆಯಲ್ಲಿ ಮಿದುಳಿನ ಮುಂಭಾಗದ ಸುಳಿವು ಹುಡುಕುವ ವಿದ್ಯೆ ಇದು. ಶೋಭಿನಿ ರಾವ್ ಮತ್ತು ಸಂಗಡಿಗರು 2004ರಲ್ಲಿ ಹೊರತಂದ ನಿಮ್ಹಾನ್ಸ್ ಪರೀಕ್ಷಾಮಾಲೆಯಲ್ಲಿ ಈ ಪ್ರಾಣಿಗಳ ಪರೀಕ್ಷೆಯೂ ಉಂಟು. ಎಮ್ಮೆ ಯಾವ ಊರಲ್ಲಿ ಎಷ್ಟು ಸಲ ಸಹಜವಾಗಿ ಬಾಯಿಗೆ ಬರುತ್ತದೆಂದು ಬಲ್ಲ, ಬಯಲುಸೀಮೆಯ ಕನ್ನಡ ಬಲ್ಲ ಹುಡುಗಿ ಆ ಕುರ್ಚಿಯಲ್ಲಿ ಕೂತರೆ ತಮಗೇನು ನಷ್ಟ?

ಬೆಂಗಳೂರಿನಲ್ಲಿ 1955ರಲ್ಲಿ ಕ್ಲಿನಿಕಲ್ ಸೈಕಾಲಜಿಯ ತರಬೇತಿ ಶುರುವಾದಾಗ ಅದು ಡಿಪ್ಲೊಮಾ. ಆಮೇಲೆ ಎಂಫಿಲ್ ಆಯಿತು. ಈಗ ಎಂಎ ಕ್ಲಿನಿಕಲ್, ಸೈ.ಡಿ. ಎಂಬ ಹೊಸ ನಾಮಕರಣಗಳ ಸುದ್ದಿ. ತೊಟ್ಟಿಲು ಒಂದೇ.

ಸದ್ಯ ಆಕೆ ಸೈಬರ್ ಅಂಗಡಿಯಲ್ಲಿ ಫೈಲು ಹಿಡಿದು ನಿಂತಿದ್ದಾಳೆ. ಯಾವ ಕೋರ್ಸು ಎಂಬ ಖಾನೆಯಲ್ಲಿ ಕರ್ಸರ್ ಮಿಟುಕುತ್ತಿದೆ. "ಅಕ್ಕಾ, ಏನಂತ ಹೊಡೀಲಿ?" ಎಂದು ಹುಡುಗ ಎರಡು ಸಲ ಕೇಳಿಯಾಯಿತು. ಬೇಗ ತಿಳಿಸಿದರೆ ಉಪಕಾರ. ಅಂಗಡಿ ಎಂಟಕ್ಕೆ ಬಾಗಿಲು ಹಾಕುತ್ತದೆ.

ಇತಿ,
ಹಿರಿಯೂರಿನವರು