ಉಪ್ಪುಗಾಳಿಯಲ್ಲೊಂದು ಸ್ಟಾರ್ಮ್

ಬಂದರಿನ ಅಜೀಜುದ್ದೀನ್ ರಸ್ತೆಯ ಒಂದು ಗೋದಾಮಿನ ಹಿಂದೆ ಟಾರ್ಪಾಲು ಹೊದ್ದು ಮಲಗಿದ್ದದ್ದು ಸಾಕ್ಷಾತ್ ಸ್ಯಾನ್ ಸ್ಟಾರ್ಮ್! 1990ರ ದಶಕದ ಕೊನೆಗೆ ಬಂದ, ನಮ್ಮ ದೇಶದ್ದೇ ಎರಡು ಸೀಟಿನ ಸ್ಪೋರ್ಟ್ಸ್ ಕಾರು. "ಫೈಬರ್ ಬಾಡಿ, ತುಕ್ಕು ಹಿಡಿಯುವುದೇ ಇಲ್ಲ ಮಾರಾಯ್ರೆ" ಎಂದರು ಮಾಲಕರು. ನಿಜವೇ. ಕಡಲಗಾಳಿ ಬಹಳ ವಿವೇಚನೆಯಿಂದ ಬಾಡಿಯನ್ನು ಬಿಟ್ಟು ಅಡಿಯ ಚಾಸಿಯನ್ನಷ್ಟೇ ತಿಂದಿತ್ತು. 1.2 ಲೀಟರಿನ ರೆನೊ ಎಂಜಿನ್, 60 ಕುದುರೆಶಕ್ತಿ. ಅಷ್ಟೂ ಕುದುರೆಗಳು ಒಣಬಂಗುಡೆಯ ವಾಸನೆ ಹೊಡೆಯುತ್ತಿದ್ದವು. ಬಾನೆಟ್ಟಿನೊಳಗೆ ಬೆಕ್ಕಿನ ಬಾಣಂತನ. ಒಳಗೆ ತೂರಿಕೊಂಡೆ, ಹೊಟ್ಟೆ ಹಾರ್ನಿಗೆ ಒತ್ತಿತು, ಬ್ಯಾಟರಿ ಇಲ್ಲದ್ದರಿಂದ ಮಾನ ಉಳಿಯಿತು.

ಮನೆಗೆ ಫೋನ್ ಮಾಡಿ "ಭಾರೀ ಅಗ್ಗ" ಎಂದೆ.

"ಎರಡೇ ಸೀಟಾ? ನಾನು, ನಿಮ್ಮ ಅಮ್ಮ, ಇಬ್ಬರು ಮಕ್ಕಳು, ಮೀನಿನ ಚೀಲ?"

ನಾನು ಲೆಕ್ಕ ಹಾಕುತ್ತಿರುವಾಗಲೇ ಮಾಲಕರು ಮತ್ತೆ ಐದು ಸಾವಿರ ಇಳಿಸಿದರು. ಬೆಕ್ಕು ಬೇರೆ ಫ್ರೀಯಂತೆ.