ಗ್ರೈಂಡರ್ ನಿಲ್ಲಿಸಿದ್ದು ಯಾರು?

ನಮ್ಮ ಮನೆಯಲ್ಲಿ ಫುಟ್‌ಬಾಲ್ ಆಡಿದವರು ಯಾರೂ ಇಲ್ಲ. ನಾನು ಕಡೆಯ ಸಲ ಚೆಂಡು ಒದ್ದದ್ದು ಎಂಟನೇ ಕ್ಲಾಸಿನಲ್ಲಿ. ಚೆಂಡು ಇದ್ದಲ್ಲೇ ಇತ್ತು, ಹವಾಯಿ ಚಪ್ಪಲಿ ಮಾತ್ರ ಕಾಂಪೌಂಡು ದಾಟಿ ಹೋಯಿತು. ಹೀಗಿದ್ದೂ ಬೆಂಗಳೂರು ಎಫ್‌ಸಿ ಸೋತ ರಾತ್ರಿ ಮಂಡಿ ಹಿಡಿದುಕೊಂಡು ಕೂರುವವನು ನಾನೇ. ಆಡಿದ ಹುಡುಗರು ಅಷ್ಟು ಹೊತ್ತಿಗೆ ಸ್ನಾನ ಮಾಡಿ, ಉಂಡು, ಬಸ್ಸು ಹತ್ತಿರುತ್ತಾರೆ. ಹನುಮಂತನಗರದ ನಮ್ಮ ಮನೆಯ ಹಾಲಿನಲ್ಲಿ ವಿಚಾರಣೆ ಆಗಷ್ಟೇ ಶುರುವಾಗಿರುತ್ತದೆ.

ವಿಚಾರಣೆ ಸಣ್ಣ ಸೋಲಿಗೆ ಮಾತ್ರ. ನಾಲ್ಕು–ಸೊನ್ನೆಯ ಸೋಲು ಬಹಳ ಸಭ್ಯವಾದದ್ದು. ನಾಲ್ಕು ಮಾತು ಬೈದು, ಮಜ್ಜಿಗೆ ಕುಡಿದು ಮಲಗಿದರೆ ನಿದ್ದೆ ಬರುತ್ತದೆ. ಒಂದೇ ಒಂದು ಗೋಲಿನ ಸೋಲು ಹಾಗಲ್ಲ. ಹಲ್ಲಿನ ಸಂದಿಗೆ ಸಿಕ್ಕಿದ ಅಡಿಕೆ ಚೂರಿದ್ದ ಹಾಗೆ, ನಾಲಗೆ ರಾತ್ರಿಯೆಲ್ಲ ಅಲ್ಲಿಗೇ ಹೋಗುತ್ತದೆ. ಪತ್ರಿಕೆಯವರು ಇದಕ್ಕೆ ಕೂದಲೆಳೆಯ ಅಂತರ ಅನ್ನುತ್ತಾರೆ. ಕ್ಲಬ್ ಹುಟ್ಟಿದ 2013ರಲ್ಲಿ ನನ್ನ ತಲೆಯ ಮೇಲೆ ಇದ್ದ ಎಳೆಗಳಲ್ಲಿ ಈಗ ಉಳಿದಿರುವುದನ್ನು ಕಳೆದರೆ, ನಾವು ಎಷ್ಟು ಫೈನಲ್ ಸೋತಿದ್ದೇವೆ ಎಂಬುದು ಸಿಕ್ಕಿಬಿಡುತ್ತದೆ.

2025ರ ಏಪ್ರಿಲ್ 12, ಶನಿವಾರ, ಚೈತ್ರ ಹುಣ್ಣಿಮೆ. ಸಂಜೆ ಏಳೂವರೆಗೆ ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಮೋಹನ್ ಬಾಗಾನ್ ಮೇಲೆ ಐಎಸ್‌ಎಲ್ ಫೈನಲ್. ಅದೇ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೂವಿನ ಕರಗ. ಕರಗ ಹೊರಡುವುದು ಮಧ್ಯರಾತ್ರಿ ಕಳೆದ ಮೇಲೆ. ಆದ್ದರಿಂದ ನಾನು ಟೈಮ್‌ಟೇಬಲ್ ಹಾಕಿದ್ದೆ: ಹತ್ತರೊಳಗೆ ಕಪ್ಪು, ಹನ್ನೊಂದಕ್ಕೆ ಆಟೋ.

"ಸೋತರೆ?" ಅಂದಳು ಹೆಂಡತಿ.

"ಅಪಶಕುನ ನುಡೀಬೇಡ ಕಣೆ."

"ಅಪಶಕುನ ಅಲ್ಲಾರೀ, ಸೋತರೆ ನೀವು ಆಟೋ ಹತ್ತೋದಿಲ್ಲ. ಅತ್ತೆಯವರು ಬೆಳಗಿನಿಂದ ಕಾಯ್ತಾ ಇದಾರೆ."

ಸಿದ್ಧತೆಯಲ್ಲಿ ನನ್ನ ಕಡೆಯಿಂದ ಲೋಪವಿರಲಿಲ್ಲ. ಆರು ದಿನದ ಹಿಂದೆ ರಾಮನವಮಿಯ ರಾತ್ರಿ ಗೋವಾದಲ್ಲಿ ಸೆಮಿಫೈನಲ್ಲಿನ ಎರಡನೇ ಪಂದ್ಯ. ಕಂಠೀರವದಲ್ಲಿ ಎರಡು–ಸೊನ್ನೆ ಗೆದ್ದಿದ್ದ ನಮ್ಮವರು ಅಲ್ಲಿ ಎರಡು ಗೋಲು ಬಿಟ್ಟುಕೊಟ್ಟು, ಬಡ್ಡಿ ಅಸಲು ಎರಡೂ ತೀರಿಸಿ ಕೂತಿದ್ದರು. ನಾನು ಬೆಳಗಿನ ಪಾನಕ ಮಿಕ್ಕಿದ್ದನ್ನು ಲೋಟಕ್ಕೆ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದೆ. 92ನೇ ನಿಮಿಷ, ಸುನಿಲ್ ಛೆಟ್ರಿ ತಲೆ ಕೊಟ್ಟ, ಗೋಲು! ಆ ಪಂದ್ಯ ಸೋತೂ ಫೈನಲ್ ಮುಟ್ಟಿದೆವು. ನಲವತ್ತು ದಾಟಿದ ಮನುಷ್ಯ ಹೀಗೆ ಆಡುತ್ತಾನಲ್ಲ ಅಂತ ಊರೆಲ್ಲ ಕೊಂಡಾಡಿತು. ಪಾನಕದ ಮಾತು ಯಾವ ಕಾಮೆಂಟರಿಯವನ ಬಾಯಲ್ಲೂ ಬರಲಿಲ್ಲ.

ಹಾಗಾಗಿ ಫೈನಲ್‌ಗೂ ಪಾನಕ ಬೇಕು ಅಂದೆ. "ರಾಮನವಮಿ ಮುಗಿದು ವಾರ ಆಯ್ತು" ಅಂದಳು. "ಇವತ್ತು ಹನುಮ ಜಯಂತಿ ಅಂತ ಕೆಲವರು ಮಾಡ್ತಾರೆ" ಅಂದೆ. "ಹಾಗಾದರೆ ಕೆಲವರ ಮನೇಲಿ ಹೋಗಿ ಕುಡೀರಿ" ಅಂದಳು. ಆದರೂ ಮಾಡಿಕೊಟ್ಟಳು. ಬೆಲ್ಲ ಕಡಿಮೆ, ಮೆಣಸು ಜಾಸ್ತಿ.

ಮೊದಲರ್ಧ ಸೊನ್ನೆ–ಸೊನ್ನೆ. ಪಾನಕ ಇನ್ನೂ ಹೊಟ್ಟೆ ಸೇರಿಲ್ಲ ಅಂದುಕೊಂಡೆ. ಅಮ್ಮ ದಿವಾನದ ಮೇಲೆ ಕಾಲು ಚಾಚಿ ಕರಗಕ್ಕೆ ಮಲ್ಲಿಗೆ ಕಟ್ಟುತ್ತಿದ್ದಳು. ಭಾನುವಾರದ ದೋಸೆಗೆಂದು ಹೆಂಡತಿ ಗ್ರೈಂಡರಿಗೆ ಉದ್ದು ಹಾಕಿದಳು. ಎರಡನೇ ಅರ್ಧ ಶುರುವಾಗಿ ನಾಲ್ಕು ನಿಮಿಷ ಆಗಿರಬೇಕು. ನಾನು ನೀರು ಕುಡಿಯಲು ಎದ್ದು, ಒಂದು ಕಾಲು ಹಾಲಿನಲ್ಲಿ, ಇನ್ನೊಂದು ಅಡುಗೆಮನೆಯಲ್ಲಿ, ಹೊಸ್ತಿಲ ಮೇಲಿದ್ದೆ. ರಯಾನ್ ವಿಲಿಯಮ್ಸ್ ಪಕ್ಕದಿಂದ ಚೆಂಡು ತಳ್ಳಿದ. ಅದನ್ನು ತಡೆಯಲು ಹೋದ ಬಾಗಾನಿನ ಆಲ್ಬರ್ಟೊ ತನ್ನ ಗೋಲಿಗೇ ಸೇರಿಸಿದ. ಒಂದು–ಸೊನ್ನೆ!

"ಅವರ ಗೋಲಿಗೆ ಅವರೇ ಹೊಡ್ಕೊಂಡ್ರಾ?" ಅಮ್ಮ ಹೂವು ನಿಲ್ಲಿಸಿದಳು. "ಪಾಪ, ಯಾರ ಮನೆ ಹುಡುಗನೋ."

"ಅಮ್ಮಾ, ಹೂವು ಕಟ್ಟು! ನಿಲ್ಲಿಸಬೇಡ! ಯಾರೂ ಅಲ್ಲಾಡಬೇಡಿ, ಎಲ್ಲ ಇದ್ದ ಹಾಗೇ ಇರಿ."

ಇದು ನಮ್ಮ ಮನೆಯ ಹಳೇ ಕಾಯಿದೆ. ಗೋಲು ಬಿದ್ದಾಗ ಯಾರು ಎಲ್ಲಿದ್ದರೋ ಕಡೆಯ ಸೀಟಿಯವರೆಗೂ ಅಲ್ಲೇ. ನಾನು ಹೊಸ್ತಿಲ ಮೇಲೆ ನಿಂತೆ. ಮಗಳು ಅರ್ಧ ಕಿತ್ತಳೆ ಕೈಯಲ್ಲಿ ಹಿಡಿದುಕೊಂಡೇ ಕೂತಳು. "ಹೊಸ್ತಿಲ ಮೇಲೆ ನಿಲ್ಲಬೇಡ ಕಣೋ" ಅಂತ ಅಮ್ಮ ಗೊಣಗಿದಳು, "ಅಲ್ಲಿ ನಿಂತ ಹಿರಣ್ಯಕಶಿಪು ಏನಾದ ಗೊತ್ತಲ್ಲ." ಗ್ರೈಂಡರು ಗುರ್ ಎಂದು ತಿರುಗುತ್ತಲೇ ಇತ್ತು. ಆ ಸದ್ದಿನಲ್ಲಿ ಕಾಮೆಂಟರಿ ಒಂದಕ್ಷರ ಕೇಳುತ್ತಿರಲಿಲ್ಲ. ಕೇಳದಿದ್ದರೆ ಬೇಡ, ಕಪ್ ಬಂದರೆ ಸಾಕು.

ಇಪ್ಪತ್ತು ನಿಮಿಷ ಹೀಗೆ ನಡೆಯಿತು. ಇವಳು ಎರಡು ಸಲ ಉದ್ದನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ರೀ, ಬೆಣ್ಣೆ ಆಗಿದೆ. ಇನ್ನೂ ರುಬ್ಬಿದರೆ ಬಿಸಿಯಾಗಿ ಹಿಟ್ಟು ಉಬ್ಬಲ್ಲ."

"ಉಬ್ಬದಿದ್ದರೆ ಬಿಡು. ಒಂದು ದಿನ ದೋಸೆ ತಿನ್ನದಿದ್ದರೆ ಸತ್ತುಹೋಗ್ತೀವಾ?"

"ಅಕ್ಕಿ ಹಾಕಬೇಕು. ಅದಕ್ಕೆ ಇದನ್ನ ತೆಗೀಬೇಕು. ತೆಗೆಯೋಕೆ ನಿಲ್ಲಿಸಬೇಕು."

"ಹದಿನೆಂಟೇ ನಿಮಿಷ ಕಣೆ..."

ಟಕ್. ಮನೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ, ಸಂಜೆಯಿಂದ ಮೊದಲ ಬಾರಿಗೆ, ಕಾಮೆಂಟರಿ ಸ್ಪಷ್ಟವಾಗಿ ಕೇಳಿಸಿತು. ಪೆನಾಲ್ಟಿ. ನಮ್ಮ ಚಿಂಗ್ಲೆನ್ಸಾನನ ಕೈಗೆ ಚೆಂಡು ತಗುಲಿದೆ. ಜೇಸನ್ ಕಮಿಂಗ್ಸ್ ಬಂದ, ಹೊಡೆದ, 72ನೇ ನಿಮಿಷ, ಒಂದು–ಒಂದು.

ನಾನು ತಿರುಗಿ ನೋಡಿದೆ. ಅವಳು ಸ್ವಿಚ್ಚಿನ ಮೇಲಿನಿಂದ ಕೈ ಇನ್ನೂ ತೆಗೆದಿರಲಿಲ್ಲ.

"ಗ್ರೈಂಡರ್ ಆರಿಸಿದ್ದಕ್ಕೂ ಅವನ ಕೈಗೂ ಏನ್ರೀ ಸಂಬಂಧ?"

ಇದಕ್ಕೆ ಉತ್ತರವಿಲ್ಲ. ಉತ್ತರವಿಲ್ಲದ ಪ್ರಶ್ನೆ ಕೇಳುವವರ ಜೊತೆ ವಾದ ಮಾಡಬಾರದು ಅಂತ ಸುಮ್ಮನಾದೆ. ಆಟ ಹೆಚ್ಚುವರಿ ಸಮಯಕ್ಕೆ ಹೋಯಿತು. ಅಷ್ಟರಲ್ಲಿ ಉದ್ದು ಪಾತ್ರೆಗೆ ಬಂದಿತ್ತು, ಕೋಪಕ್ಕೆ ಅಕ್ಕಿ ನೆನೆದಲ್ಲೇ ಉಳಿದಿತ್ತು. ನಾನೇ ಹೋಗಿ ಗ್ರೈಂಡರಿಗೆ ಎರಡು ಲೋಟ ನೀರು ಹುಯ್ದು ಸ್ವಿಚ್ ಹಾಕಿದೆ. ಬರೀ ನೀರು ರುಬ್ಬುವ ಗ್ರೈಂಡರಿನ ಸದ್ದು ಬೇರೆಯೇ, ಕಲ್ಲಿಗೆ ಕಲ್ಲು ತಾಗಿ ಯಾರೋ ಹಲ್ಲು ಕಡಿದ ಹಾಗೆ. ಮೋಸ ಆ ಗ್ರೈಂಡರಿಗೂ ಗೊತ್ತಾಗಿರಬೇಕು.

ಮೇಲಿನ ಮನೆಯ ಬಾಡಿಗೆದಾರರು ಅದೇ ಹೊತ್ತಿಗೆ ಕ್ರಿಕೆಟ್ ನೋಡುತ್ತಿದ್ದರು. ಹೈದರಾಬಾದಿನ ಅಭಿಷೇಕ್ ಶರ್ಮಾ ಪಂಜಾಬಿನ ಬೌಲರುಗಳನ್ನು ಚಚ್ಚಿ 141 ಹೊಡೆದ ರಾತ್ರಿ ಅದು. 96ನೇ ನಿಮಿಷ, ಜೇಮಿ ಮೆಕ್ಲಾರೆನ್ ಗೋಲು ಹೊಡೆದ. ಆ ಕ್ಷಣಕ್ಕೆ ಸರಿಯಾಗಿ ಮೇಲಿಂದ ಶಿಳ್ಳೆ, ಚಪ್ಪಾಳೆ, ಕುರ್ಚಿ ಎಳೆದ ಸದ್ದು. ಬೆಂಗಳೂರಿನಲ್ಲಿದ್ದುಕೊಂಡು ಮೋಹನ್ ಬಾಗಾನಿಗೆ ಕುಣಿಯುತ್ತಾರೆ ಅಂತ ನಾನು ಮೆಟ್ಟಿಲು ಹತ್ತಲು ಹೊರಟಿದ್ದೆ. ಮಗಳು ಕಿತ್ತಳೆಯ ಕೈಯಲ್ಲೇ ಶರ್ಟು ಹಿಡಿದು ನಿಲ್ಲಿಸಿದಳು. ಅವರಿಗಾದರೂ ಬುದ್ಧಿ ಬೇಡವೇ? ಎರಡೇ ದಿನದ ಹಿಂದೆ ಚಿನ್ನಸ್ವಾಮಿಯಲ್ಲಿ ನಮ್ಮ ರಾಹುಲ್ ಡೆಲ್ಲಿಗೆ ಆಡಿ, ಔಟಾಗದೆ 93 ಹೊಡೆದು, ನಮ್ಮ ಆರ್‌ಸಿಬಿಯನ್ನೇ ಸೋಲಿಸಿ, ಇದು ನನ್ನ ಅಂಗಳ ಅಂತ ಬ್ಯಾಟಿನಲ್ಲಿ ಗೀಟು ಎಳೆದು ಹೋಗಿದ್ದ. ಆ ವಾರ ಇಡೀ ಊರಿಗೇ ಸೂತಕವಿತ್ತು.

ಎರಡು–ಒಂದು. ಸೀಟಿ. ಗ್ರೈಂಡರು ಇನ್ನೂ ನೀರು ರುಬ್ಬುತ್ತಿತ್ತು.

ಸೋತ ಮೇಲೆ ನಾನು 1948ನ್ನು ತೆಗೆಯುತ್ತೇನೆ. ಅದೊಂದು ನನ್ನ ಚಾಳಿ. ಆ ವರ್ಷ ಲಂಡನ್ ಒಲಿಂಪಿಕ್ಸ್, ಜುಲೈ 31, ಇಲ್‌ಫರ್ಡ್ ಎಂಬಲ್ಲಿ ಫ್ರಾನ್ಸ್ ಮೇಲೆ ಭಾರತ. ನಮ್ಮವರಲ್ಲಿ ಬಹುಪಾಲು ಜನ ಬರಿಗಾಲಿನಲ್ಲಿ ಆಡಿದರು. ನಮ್ಮ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿ ಸಿಕ್ಕಿತ್ತು, ಎರಡೂ ಕೈಬಿಟ್ಟೆವು, ಕಡೆಯ ಗಳಿಗೆಯಲ್ಲಿ ಫ್ರಾನ್ಸ್ ಗೋಲು ಹೊಡೆದು ಎರಡು–ಒಂದರಲ್ಲಿ ಗೆದ್ದಿತು. "ಅದೇ ಸ್ಕೋರು ನೋಡಿ" ಅಂದೆ. "ಎಪ್ಪತ್ತೇಳು ವರ್ಷವಾದರೂ ಅದೇ ಸ್ಕೋರು."

ಅಮ್ಮ ತಲೆಯೆತ್ತಿದಳು. "ನಾನು ಹುಟ್ಟಿದ್ದು ನಲವತ್ತೊಂಬತ್ತರಲ್ಲಿ ಕಣಪ್ಪಾ. ಅದರಲ್ಲಿ ನನ್ನ ತಪ್ಪೇನಿಲ್ಲ."

ಆಗ ಮಗಳು ಕಿತ್ತಳೆ ಸಿಪ್ಪೆ ತಟ್ಟೆಗೆ ಹಾಕಿ, ಕೈ ಒರೆಸಿಕೊಂಡು, ವಕೀಲರ ಹಾಗೆ ಎದ್ದು ನಿಂತಳು. "ಅಪ್ಪಾ, ನಿಮ್ಮ ಲೆಕ್ಕದಲ್ಲೇ ಹೋಗೋಣ. 2018, ಮಾರ್ಚ್ 17. ಎಲ್ಲಿದ್ರಿ?"

ಎಲ್ಲಿದ್ದೆ ಅಂತ ಅವಳಿಗೆ ಗೊತ್ತಿತ್ತು. ನಮ್ಮದೇ ಕಂಠೀರವದಲ್ಲಿ ಚೆನ್ನೈಯಿನ್ ಮೇಲೆ ಫೈನಲ್, ಮರುದಿನ ಯುಗಾದಿ. ಒಂಬತ್ತನೇ ನಿಮಿಷಕ್ಕೆ ಛೆಟ್ರಿ ಗೋಲು ಹೊಡೆದಾಗ ಪಕ್ಕದಲ್ಲಿದ್ದ ಅಪರಿಚಿತನ ಕೆನ್ನೆಗೆ ಮುತ್ತು ಕೊಟ್ಟವನು, ಅವರು ಮೂರು–ಒಂದು ಮಾಡಿ ಆಟ ಮುಗಿಯುತ್ತಾ ಬಂದಾಗ, ಗಾಂಧಿ ಬಜಾರಿನಲ್ಲಿ ಮಾವಿನ ಸೊಪ್ಪು ತೀರಿಹೋಗುತ್ತದೆ ಅಂತ ಎದ್ದು ಬಂದೆ. ಗೇಟಿನ ಹೊರಗೆ ಕಡಲೆಕಾಯಿ ಕೊಳ್ಳುತ್ತಿದ್ದೆ. ಒಳಗಿನಿಂದ ಭೂಮಿ ಅದುರುವ ಕೂಗು. ಏನಾಯ್ತು ಅಂದೆ. "ಗೋಲ್ ಸಾರ್" ಅಂದ ಕಡಲೆಕಾಯಿಯವನು. "ನೀವು ಮ್ಯಾಚ್ ನೋಡೋಕೆ ಬಂದೋರಲ್ವಾ?" ಮೈ ಮೇಲೆ ನೀಲಿ ಜೆರ್ಸಿ, ಕೊರಳಲ್ಲಿ ನೀಲಿ ಶಾಲು. ಅದು ಮಿಕು ಹೊಡೆದ ಗೋಲು, ಮೂರು–ಎರಡು. ಅಷ್ಟರಲ್ಲೇ ಮುಗಿಯಿತು. ಮರುದಿನ ತಟ್ಟೆಯಲ್ಲಿ ಬೇವು–ಬೆಲ್ಲ ಬಂದಾಗ ಇವಳು ಬೆಲ್ಲವನ್ನು ಮಗಳ ಕಡೆಗೆ ಸರಿಸಿದಳು.

"2023?" ಮಗಳು ಮುಂದುವರಿಸಿದಳು. ಅದು ಗೋವಾದ ಫೈನಲ್, ಇದೇ ಬಾಗಾನ್, ಆಗ ಎಟಿಕೆ ಮೋಹನ್ ಬಾಗಾನ್. ಎರಡು–ಎರಡು ಆಗಿ ಪೆನಾಲ್ಟಿ ಶೂಟೌಟಿಗೆ ಹೋಯಿತು. ನನಗೆ ನೋಡಲಾಗದೆ ಬಚ್ಚಲುಮನೆಯಲ್ಲಿ ಚಿಲಕ ಹಾಕಿ, ನಲ್ಲಿ ಬಿಟ್ಟುಕೊಂಡು, ಬಕೆಟ್ ಬೋರಲು ಹಾಕಿ ಕೂತಿದ್ದೆ. ನಾಲ್ಕು–ಮೂರು ಅಂತ ಇವಳು ಬಾಗಿಲು ಬಡಿದು ಹೇಳಿದಳು. ಟ್ಯಾಂಕಿನ ನೀರು ಖಾಲಿ ಅಂತಲೂ ಹೇಳಿದಳು.

"2016ರಲ್ಲಿ ದೋಹಾ, ಎಎಫ್‌ಸಿ ಕಪ್ ಫೈನಲ್. ಇರಾಕಿನ ಏರ್ ಫೋರ್ಸ್ ಮೇಲೆ ಒಂದು–ಸೊನ್ನೆ. ಆ ಗೋಲು ಬಿದ್ದಾಗ ನೀವು ಟೆರೇಸ್ ಮೇಲೆ ಡಿಶ್ ತಿರುಗಿಸ್ತಾ ಇದ್ರಿ. ಇನ್ನು 2019. ಐಎಸ್‌ಎಲ್ ಕಪ್ ಗೆದ್ದ ಒಂದೇ ಒಂದು ವರ್ಷ. 117ನೇ ನಿಮಿಷ, ರಾಹುಲ್ ಭೇಕೆ ಹೆಡರ್. ಆವಾಗ?"

ನಾನು ಮಾತಾಡಲಿಲ್ಲ. ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು. "ತುಮಕೂರು. ನಮ್ಮ ಚಿಕ್ಕಪ್ಪನ ಮಗಳ ಆರತಕ್ಷತೆ. ವಾಪಸ್ ಬರ್ತಾ ನೆಲಮಂಗಲದ ಹತ್ರ ಬಸ್ಸಲ್ಲಿ ನಿದ್ದೆ ಮಾಡ್ತಾ ಇದ್ರು. ಫೋನ್ ಸತ್ತಿತ್ತು."

"ಸೊ," ಅಂದಳು ಮಗಳು, "ಮುಂದಿನ ಫೈನಲ್‌ಗೆ ತುಮಕೂರಿಗೆ ಒಂದು ಟಿಕೆಟ್."

ಯಾರೂ ನಗಲಿಲ್ಲ. ಅದೇ ಬೇಜಾರು. ಎಲ್ಲರೂ ನಿಜವಾಗಿಯೂ ಯೋಚಿಸುತ್ತಿದ್ದರು. ನಾನೂ ಯೋಚಿಸುತ್ತಿದ್ದೆ, ರಾತ್ರಿ ಎಂಟರ ಮೇಲೆ ತುಮಕೂರಿನಿಂದ ಬಸ್ಸು ಎಷ್ಟು ಹೊತ್ತಿಗೊಂದು ಇರಬಹುದು ಅಂತ.

ಗ್ರೈಂಡರ್ ಆರಿಸಿದವರು ಯಾರೋ ನಾನು ನೋಡಲಿಲ್ಲ. ಒಂಟಿ ಉದ್ದಿನ ಹಿಟ್ಟು ದೋಸೆಗೆ ಬಾರದು ಅಂತ ಇವಳು ಬಾಣಲೆ ಇಟ್ಟು ವಡೆ ತಟ್ಟಿದಳು. ಬೆಣ್ಣೆಯಾಗಿದ್ದ ಉದ್ದು, ಹತ್ತಿಯ ಹಾಗೆ ಉಬ್ಬಿ ಬಂತು. ಇಂಥ ವಡೆ ಈ ಮನೆಯಲ್ಲಿ ಈವರೆಗೆ ಆಗಿರಲಿಲ್ಲ ಅಂದಳು ಅಮ್ಮ. ದುಃಖದಲ್ಲಿ ನಾನು ಐದು ತಿಂದೆ. ಆರನೆಯದಕ್ಕೆ ಕೈ ಚಾಚಿದಾಗ "ಕೈ, ಕೈ, ಪೆನಾಲ್ಟಿ" ಅಂದಳು ಮಗಳು.

ಆಟೋ ಸಿಕ್ಕಿತು, ಟೌನ್‌ಹಾಲ್ ತನಕ. ಅಲ್ಲಿಂದ ಪೇಟೆಯೊಳಕ್ಕೆ ನಡಿಗೆ. ಜೆರ್ಸಿ ಬದಲಿಸಲು ಇವಳು ಬಿಡಲಿಲ್ಲ, "ಗೆದ್ದಾಗ ಮಾತ್ರ ಹಾಕ್ಕೊಳ್ಳೋ ಬಟ್ಟೇನಾ ಅದು?" ಅಂತ. ನಗರ್ತಪೇಟೆಯ ಸಂದಿಯಲ್ಲಿ ಕಾಲಿಡಲು ಜಾಗವಿಲ್ಲ. ಕೋಲ್ಕತ್ತದಲ್ಲಿ ಏನಾಯಿತು ಎಂಬುದು ಅಲ್ಲಿ ಯಾರಿಗೂ ಬೇಕಿರಲಿಲ್ಲ, ಅದೊಂದು ನೋವು ಬೇರೆ. ಅಂಗಡಿ ಕಟ್ಟೆಯ ಮೇಲೆ ಅಮ್ಮನಿಗೆ ಜಾಗ ಮಾಡಿಕೊಟ್ಟು ಕಾದೆವು. ಕಡೆಗೆ ದೂರದಲ್ಲಿ "ಗೋವಿಂದಾ, ಗೋವಿಂದ" ಕೇಳಿಸಿತು. ಕತ್ತಿ ಹಿರಿದ ವೀರಕುಮಾರರ ನಡುವೆ, ಆಳೆತ್ತರದ ಮಲ್ಲಿಗೆಯ ಕರಗ ತೂಗುತ್ತಾ ಬಂತು. ಎಲ್ಲ ಕಡೆಯಿಂದ ಹೂವು ಸುರಿಯಿತು. ಅಮ್ಮ ತಾನು ಕಟ್ಟಿದ ಮಾಲೆ ಎಸೆದಳು. ಕರಗ ಹೊತ್ತವರ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ದಂಡ. ತಲೆ ಮೇಲಿನ ಕರಗ ತನ್ನ ಪಾಡಿಗೆ ತಾನು ನಿಂತಿತ್ತು.

ಅಮ್ಮ ಕೈಮುಗಿದು, ಕಣ್ಣೊರೆಸಿಕೊಂಡು, ನನ್ನ ತೋಳು ತಿವಿದಳು.

"ನೋಡೋ. ರಾತ್ರಿಯೆಲ್ಲ ಕುಣೀತಾರೆ, ಒಂದು ಸಲ ಕೈ ತಾಗಿಸಲ್ಲ. ನಿಮ್ಮ ಹುಡುಗನಿಗೆ ತೊಂಬತ್ತು ನಿಮಿಷ ತಡೆಯೋಕಾಗಲಿಲ್ವೇನೋ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ, ಗೋವಿಂದ ನಾಮಕ್ಕಿಂತ ಜೋರಾಗಿ, ಒಂದು ದನಿ ಬಂತು:

"ಅಜ್ಜೀ, ಅವನು ಕೈ ಹಾಕಲಿಲ್ಲ, ಬಾಲೇ ಬಂದು ಕೈಗೆ ತಾಗಿದ್ದು!"

ತಿರುಗಿ ನೋಡಿದೆ. ನೀಲಿ ಜೆರ್ಸಿ, ಹನ್ನೊಂದನೇ ನಂಬರು. ಪಕ್ಕದಲ್ಲಿ ಅವನ ಹೆಂಡತಿ, ಸೊಂಟದ ಮೇಲೆ ಕೈ ಇಟ್ಟುಕೊಂಡು, ನನ್ನ ಹೆಂಡತಿಯನ್ನೇ ನೋಡುತ್ತಿದ್ದಳು. "ನಿಮ್ಮ ಮನೇಲೂನಾ?" ಅಂದಳು. "ನಮ್ಮಲ್ಲಿ ಫ್ಯಾನ್ ಆರಿಸಿದ್ದು ನಾನು."