ಸರೀರಿ, ಟ್ರಾಲಿ ಬರಾಕತ್ತೈತಿ!

ಕೊಪ್ಪಳದ ಪಕ್ಕದ ಭಾಗ್ಯನಗರದ ಕಡೆಯ ಒಂದು ದವಾಖಾನೆ; ಹೆಸರು ಬೇಡ. ಹೊರರೋಗಿ ವಿಭಾಗದ ಓಣಿಯಲ್ಲಿ ಔಷಧ ಪೆಟ್ಟಿಗೆ ಹೊತ್ತು ಸಿಕ್ಕಿಹಾಕಿಕೊಂಡಿದ್ದ ಟ್ರಾಲಿ ನಿಂತಲ್ಲೇ ಮಾತಿಗೆ ಸಿಕ್ಕಿತು.

ಪ್ರಶ್ನೆ: ಹತ್ತೂವರೆ ಗಂಟೆ, ಕಾಲಿಡಲು ಜಾಗವಿಲ್ಲ. ಈಗಲೇ ಬರಬೇಕಿತ್ತೆ?

ಟ್ರಾಲಿ: ಸ್ಟೋರಿನ ಕೀಲಿ ತೆಗೆಯೂದು ಹತ್ತಕ್ಕರೀ. ಡಾಕ್ಟರ್ ಬರೂದೂ ಆವಾಗ, ಯಲಬುರ್ಗಾ, ಕುಷ್ಟಗಿ ಬಸ್ಸಿನ ಮಂದಿ ಇಳಿಯೂದೂ ಆವಾಗ. ನಾ ಒಬ್ಬಾಕಿ ಬ್ಯಾರೆ ಹೊತ್ತಿಗೆ ಬಂದ್ರ ಶಿಸ್ತು ಉಳಿತೈತೇನ್ರಿ?

ಪ್ರಶ್ನೆ: ಜಾಗ ಸಾಲದ್ದೇ ಕಾರಣ ಅಂತಾರಲ್ಲ?

ಟ್ರಾಲಿ: ತಾಸಿಗೆ 60 ಮಂದಿ ಬಂದು, ಒಬ್ಬೊಬ್ಬರು ಎರಡು ತಾಸು ಒಳಗಿದ್ರ, ಯಾವಾಗ ಎಣಿಸಿದ್ರೂ 120 ತಲಿ. ಒಂದ ತಾಸಿಗೆ ಕಳಿಸಿದ್ರ 60. ಜಾನ್ ಲಿಟಲ್ ಅನ್ನಾವ್ರು 1961ರಾಗ ಈ ಲೆಕ್ಕ ಸಿದ್ಧ ಮಾಡಿ ತೋರಿಸ್ಯಾರ. ಆದ್ರ ಗ್ವಾಡಿ ಕೆಡವಾಕ ಟೆಂಡರ್ ಐತಿ, ತಾಸು ಉಳಿಸಾಕ ಟೆಂಡರ್ ಇಲ್ಲ.

ಪ್ರಶ್ನೆ: ಆ ಎರಡು ತಾಸು ಹೋಗುವುದೆಲ್ಲಿಗೆ?

ಟ್ರಾಲಿ: ಕಾಲಿಗೆ! ಚೀಟಿ ಬಾಗಿಲ ಹಂತ್ಯಾಕ, ಡಾಕ್ಟರ್ ಮೂಲ್ಯಾಗ, ರಕ್ತ ಕೊಡೂದು ಮಹಡಿ ಮ್ಯಾಲ, ರಿಪೋರ್ಟ್ ತೋರಿಸಾಕ ಮತ್ತ ಮೂಲಿ, ಗುಳಿಗಿಗೆ ಮತ್ತ ಬಾಗಿಲು. ಒಂದು ಮೊಣಕಾಲ ನೋವಿಗೆ ಬಂದ ಅಜ್ಜಿ ಎರಡೂ ಮೊಣಕಾಲ ಹಿಡಕೊಂಡು ಹೋಗತಾಳ.

ಪ್ರಶ್ನೆ: ಮೊಬೈಲಿನಲ್ಲೇ ಟೋಕನ್ ಸಿಗುತ್ತದಲ್ಲ?

ಟ್ರಾಲಿ: ಆಭಾ ಅನ್ನೂ ಸರ್ಕಾರಿ ಆರೋಗ್ಯ ಖಾತೆಯ ಕ್ಯೂಆರ್ ಸ್ಕ್ಯಾನ್ 2022ರಾಗ ಬಂತು. ಚೀಟಿ ಸಾಲು ಸಣ್ಣದಾಗತೈತಿ, ಸುಳ್ಳಲ್ಲ. ಆದ್ರ ಅಲ್ಲಿ ಹೊತ್ತು ಉಳಿಸಿದ ಮಂದಿ ಡಾಕ್ಟರ್ ಬಾಗಿಲಿಗೆ ಲಗೂನ ಬಂದು ನಿಲ್ಲತಾರ.

ಪ್ರಶ್ನೆ: ಕಸವೂ ನಿಮ್ಮ ದಾರಿಯಲ್ಲೇ?

ಟ್ರಾಲಿ: ಹಳದಿ, ಕೆಂಪು, ಬಿಳಿ, ನೀಲಿ ಅಂತ ಬ್ಯಾರೆ ಬ್ಯಾರೆ ಮಾಡ್ರಿ ಅಂತೈತಿ ದವಾಖಾನಿ ಕಸದ 2016ರ ನಿಯಮ. ಮಾಡ್ತಾರ. ಬ್ಯಾರೆ ಮಾಡಿದ್ದೆಲ್ಲಾ ಒಂದ ಓಣ್ಯಾಗ, ಕೂಸು ಎತ್ತಿಕೊಂಡ ತಾಯಂದಿರ ನಡುವ ಹಾಯಿಸ್ತಾರ.

ಪ್ರಶ್ನೆ: ಏನು ಮಾಡಬೇಕಂತೀರಿ?

ಟ್ರಾಲಿ: ಇಲ್ಲಿ ನೇಕಾರರನ್ನ ಕೇಳ್ರಿ. ಹಾಸು ಬಿಗಿದ ಮ್ಯಾಲೆ ಹೊಕ್ಕು ಹಾಯಿಸ್ತಾರ. ಎರಡೂ ಕೂಡೇ ಜಗ್ಗಿದ್ರ ಸೀರಿ ಆಗಂಗಿಲ್ಲ. ಆ ಸಿಕ್ಕು ಬಿಡಸಾಕ ನಮ್ಮೂರಾಗ ಕೂದಲ ಸಿಕ್ಕು ಬಿಡಸೂ ಕೆಲಸದವರನ್ನ ಕರೀಬೇಕಾಗತೈತಿ. ಸ್ಟೋರಿನ ಕೀಲಿ ಲಗೂನ ತೆಗೆದು ನನ್ನ ಮುಂಜಾನೆ ಏಳಕ್ಕ ಓಡಿಸ್ರಿ. ಪ್ರತಿ ಖೋಲ್ಯಾಗ ಸೂಜಿ, ಹತ್ತಿಗೆ ಎರಡೆರಡು ಡಬ್ಬಿ ಇಡ್ರಿ. ಒಂದು ಬರಿದಾದ್ರ ಇನ್ನೊಂದು ತಗೀರಿ, ಬರಿದಾದದ್ದು ಮರುದಿನ ನಾ ತುಂಬತೀನಿ. ಕಸ ಮಂದಿ ಚದುರಿದ ಮ್ಯಾಲೆ ಹೋಗಲಿ. ಒಂದು ರೂಪಾಯಿ ಖರ್ಚಿಲ್ಲ. ಅದಕ್ಕ ಯಾರಿಗೂ ನಂಬಿಕಿ ಬರವಲ್ದು.

ಪ್ರಶ್ನೆ: ಮೇಲಿನವರಿಗೆ ಹೇಳಿದಿರಾ?

ಟ್ರಾಲಿ: ಸಮಿತಿ ಮಾಡ್ಯಾರ್ರಿ. ಇವತ್ತ ಮೊದಲ ಸಭೆ. ಕುರ್ಚಿ ಸಾಲಲಿಲ್ಲಂತ, ಔಷಧ ಇಳಿಸಿ ರೋಗಿಗಳ ಬೆಂಚು ಹೇರಿಕೊಂಡು ಬಾ ಅಂದಾರ. ಈಗಿಂದೀಗ!